ಎಳೆಯದ ಮೂರನೇ ಗೆರೆ

ಹಡಗು ಕಟ್ಟುವ ಆ ಅಂಗಳದಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಆಫೀಸಿನ ಇಂಜಿನಿಯರ್‌ವರೆಗೆ ಎಲ್ಲರಿಗೂ ಅವನು ‘ಅಂಗೈ’. ಚಿಕ್ಕವರು ಅಂಗೈಯಣ್ಣ ಎನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ನಿಜ. ಒಮ್ಮೆ ಹೊಸ ಗುಮಾಸ್ತ ಆ ಹೆಸರನ್ನು ಜೋರಾಗಿ ಕೂಗಿದಾಗ, ಯಾರಪ್ಪಾ ಅದು ಎಂದು ಇವನೂ ಉಳಿದವರ ಜೊತೆ ಸೇರಿ ಅತ್ತಿತ್ತ ನೋಡಿದನಂತೆ.

ಅವನ ಕೆಲಸ ಏನೆಂದು ಹೇಳಿದರೆ ಹೊರಗಿನವರು ಮೊದಲು ನಗುತ್ತಾರೆ. ಬೆಂಕಿ ಹಿಡಿದು, ನೀರು ಹೊಯ್ದು, ಉಕ್ಕಿನ ಪ್ಲೇಟನ್ನು ಚಪ್ಪಟೆ ಮಾಡುವುದು. ಅದಕ್ಕೊಂದು ಆಳು ಬೇಕೇ ಎನ್ನುವವರಿಗೆ ನಾನು ಹೇಳುವುದಿಷ್ಟೆ: ಒಂದು ದಿನ ಬಂದು ಮಾಡಿ ನೋಡಿ.

ಅಲ್ಲಿ ಕಟ್ಟುತ್ತಿದ್ದುದು ಯುದ್ಧದ ಹಡಗು, ಫ್ರಿಗೇಟ್. ಅದೂ ಶತ್ರುವಿನ ರೇಡಾರಿಗೆ ಕಾಣಿಸಬಾರದ ಹಡಗು. ನಾಲ್ಕೈದು ಮಹಡಿ ಎತ್ತರದ ಕಬ್ಬಿಣದ ಗುಡ್ಡೆಯನ್ನು ಕಾಣದ ಹಾಗೆ ಮಾಡುವುದು ಹೇಗೆ ಸ್ವಾಮಿ ಎಂದು ಕೇಳುತ್ತೀರಿ. ಮಾಯಮಂತ್ರ ಏನಿಲ್ಲ. ಓರೆಯಾಗಿ ಇಟ್ಟ ಕನ್ನಡಿಯ ಎದುರು ನಿಂತರೆ ನಮ್ಮ ಮುಖ ನಮಗೆ ಕಾಣುವುದಿಲ್ಲ, ಪಕ್ಕದ ಗೋಡೆಯೋ ಚಾವಣಿಯೋ ಕಾಣುತ್ತದೆ. ಈ ಹಡಗಿನ ಬದಿಗಳನ್ನೂ ಹಾಗೆ ಓರೆಯಾಗಿ ಕಟ್ಟುತ್ತಾರೆ. ರೇಡಾರಿನಿಂದ ಬಂದ ಅಲೆ ಬಂದ ದಾರಿಯಲ್ಲೇ ವಾಪಸು ಹೋಗದೆ ಆಕಾಶಕ್ಕೋ ನೀರಿಗೋ ಜಾರಿಹೋಗಬೇಕು. ಹಗ್ಗ, ಲಂಗರು, ಚಿಕ್ಕ ದೋಣಿ, ಎಲ್ಲವೂ ಬಾಗಿಲ ಹಿಂದೆ. ಹೊರಗೆ ಬರೀ ಬೋಳು ಗೋಡೆ.

ಆ ಬೋಳು ಗೋಡೆಯೇ ತಲೆನೋವು. ಪ್ಲೇಟು ತೆಳ್ಳಗೆ, ಆರು ಮಿಲಿಮೀಟರ್. ಅದಕ್ಕೆ ಒಳಗಡೆಯಿಂದ ಉದ್ದುದ್ದ ಪಟ್ಟಿಗಳನ್ನು ವೆಲ್ಡ್ ಮಾಡುತ್ತಾರೆ. ವೆಲ್ಡಿಂಗಿನ ಶಾಖಕ್ಕೆ ಪ್ಲೇಟು ಸೆಳೆದುಕೊಂಡು ಪಟ್ಟಿ ಪಟ್ಟಿಗಳ ನಡುವೆ ಒಳಕ್ಕೆ ತಗ್ಗುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ ಬಡಕಲು ದನದ ಪಕ್ಕೆ. ಹಾಗೆಯೇ ಬಿಟ್ಟರೆ ಪ್ರತಿ ತಗ್ಗೂ ಅಲೆಯನ್ನು ಹಿಡಿದು ಶತ್ರುವಿಗೆ ವಾಪಸು ಎಸೆಯುತ್ತದೆ. ಅಂಗೈ ಬರುವುದು ಇಲ್ಲಿ. ತಗ್ಗಿದ ಜಾಗದ ಮೇಲೆ ಗ್ಯಾಸಿನ ಜ್ವಾಲೆ ಹಿಡಿದು, ನಾಣ್ಯದಗಲ ಜಾಗವನ್ನು ಹದವಾಗಿ ಕಾಯಿಸಿ, ತಕ್ಷಣ ಪೈಪಿನ ನೀರು ಬಿಡಬೇಕು. ಉಕ್ಕು ಚುರ್ ಎಂದು ಕುಗ್ಗುತ್ತದೆ, ಕುಗ್ಗುತ್ತ ಸುತ್ತಲಿನ ಪ್ಲೇಟನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಇಂಥವು ನೂರಾರು ಚುಕ್ಕೆ ಬಿದ್ದ ಮೇಲೆ ಗೋಡೆ ಗೋಡೆಯಾಗುತ್ತದೆ.

ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಒಂದು ಜಾಗಕ್ಕೆ ಎರಡೇ ಸಲ ಬೆಂಕಿ. ಒಂದು ಸಲ ಕಾಯಿಸಿದರೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಇನ್ನೊಂದು ಸಲಕ್ಕೆ ಇನ್ನೊಂದು ಗೆರೆ. ಮೂರನೇ ಗೆರೆ ಎಂಬುದೇ ಇಲ್ಲ. ಎರಡರಲ್ಲೂ ಬಗ್ಗದಿದ್ದರೆ ಆ ತುಂಡನ್ನು ಕತ್ತರಿಸಿ ಬಿಸಾಕಿ ಹೊಸದು ಹಾಕಬೇಕು. ಯಾಕೆಂದರೆ ಆ ಬಗೆಯ ಉಕ್ಕನ್ನು ಮತ್ತೆ ಮತ್ತೆ ಅತಿಯಾಗಿ ಕಾಯಿಸಿ ನೀರು ಹೊಯ್ದರೆ ನೋಡಲು ಹಾಗೆಯೇ ಇರುತ್ತದೆ, ಒಳಗೆ ಮಾತ್ರ ಗಾಜಿನಂತಾಗಿರುತ್ತದೆ. ಅಂಗೈ ಈ ನಿಯಮವನ್ನು ಇಪ್ಪತ್ತು ಜನರಿಗಾದರೂ ಕಲಿಸಿದ್ದ. ಕಲಿಸುವಾಗ ಬೈಯದೆ ಕಲಿಸಿದ್ದೇ ಇಲ್ಲ.

ಬೆಂಕಿಯ ಕೆಲಸ ಮುಗಿದ ಮೇಲೆ ಅವನು ಕೈಗವಸು ತೆಗೆದು, ಕಣ್ಣು ಮುಚ್ಚಿ, ಬಲಗೈಯನ್ನು ಪ್ಲೇಟಿನ ಮೇಲೆ ನಿಧಾನಕ್ಕೆ ಸವರುತ್ತ ಹೋಗುತ್ತಿದ್ದ. ಅರ್ಧ ಮಿಲಿಮೀಟರ್ ತಗ್ಗಿದ್ದರೂ ಕೈ ನಿಲ್ಲುತ್ತಿತ್ತು. ಮೂರು ಕಾಲಿನ ಲೇಸರ್ ಯಂತ್ರ ಬಂದ ಹೊಸತರಲ್ಲಿ ಇಂಜಿನಿಯರುಗಳು ಅವನನ್ನೂ ಯಂತ್ರವನ್ನೂ ಒಂದೇ ಗೋಡೆಗೆ ಬಿಟ್ಟು ತಮಾಷೆ ನೋಡಿದರು. ಯಂತ್ರ ಹತ್ತು ತಗ್ಗು ತೋರಿಸಿತು, ಅಂಗೈ ಹನ್ನೊಂದು. ಯಂತ್ರವನ್ನು ಜರುಗಿಸಿಟ್ಟು ಮತ್ತೆ ನೋಡಿದರೆ ಹನ್ನೊಂದು. ಅವತ್ತಿನಿಂದ ಅವನು ನೀಲಿ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದು ನಡುವೆ ಚುಕ್ಕಿ ಇಡದೆ ಯಾವ ಗೋಡೆಯೂ ಬಣ್ಣಕ್ಕೆ ಹೋಗುತ್ತಿರಲಿಲ್ಲ. ಯಂತ್ರ ಪಾಸು ಮಾಡಿದರೂ ಮೇಸ್ತ್ರಿ ಆ ನೀಲಿ ಸೊನ್ನೆಗೆ ಕಾಯುತ್ತಿದ್ದ. ಇದು ಯಾವ ಪುಸ್ತಕದಲ್ಲೂ ಬರೆದ ನಿಯಮವಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳೂ ಅಲ್ಲೇ ವೆಲ್ಡರ್. ಹೆಣ್ಣುಮಗಳು ಬೆಂಕಿಯ ಮುಂದೆ ಯಾಕೆ ಕೂರಬೇಕು ಎಂದು ತಾಯಿ ಒಂದು ತಿಂಗಳು ಮುಖ ಊದಿಸಿಕೊಂಡು ಓಡಾಡಿದಳು. ಒಲೆಯ ಮುಂದೆ ಕೂತರೆ ಅದೇನು ನೀರೇ ಎಂದು ಮಗಳು ಕೇಳಿದ ಮೇಲೆ ಸುಮ್ಮನಾದಳು. ಮೂರು ವರ್ಷ ಪೈಪು, ಕಂಬಿ, ಚಿಕ್ಕಪುಟ್ಟ ಕೆಲಸ ಮಾಡಿ, ಪರೀಕ್ಷೆಗೆ ಕೂತು, ಹಡಗಿನ ಹೊರಮೈಯನ್ನು ಬೆಸೆಯುವ ಅರ್ಹತೆ ಪಡೆದಳು. ನಲವತ್ತೇಳು ಎಂಬ ಅಂಕಿಯ ಗಟ್ಟಿ ಉಕ್ಕಿನ ಅಚ್ಚು ಅವಳ ಕೈಗೆ ಬಂತು. ತಾನು ಹಾಕಿದ ಪ್ರತಿ ಬೆಸುಗೆಯ ಪಕ್ಕದಲ್ಲಿ ಅದನ್ನು ಸುತ್ತಿಗೆಯಿಂದ ಒತ್ತಬೇಕು. ನಾಳೆ ಏನಾದರೂ ಆದರೆ ಯಾರ ಕುತ್ತಿಗೆ ಹಿಡಿಯಬೇಕೆಂದು ಹಡಗೇ ಹೇಳುತ್ತದೆ.

ಹೊರಮೈ ಮೇಲೆ ಅವಳ ಮೊದಲ ಬೆಸುಗೆ ನಾಲ್ಕು ಮೀಟರ್ ಉದ್ದದ್ದು. ಮುಗಿಸಿ ಮುಖವಾಡ ಎತ್ತಿ, ಕೈ ಹಾಕಿ ನೋಡಪ್ಪ ಎಂದಳು. ಅಂಗೈ ಕೈಗವಸು ತೆಗೆದ. ಸುತ್ತ ಎಂಟು ಹತ್ತು ಜನ ಕೆಲಸ ಬಿಟ್ಟು ನಿಂತರು. ಅವನು ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿಗೆ ಸವರಿಕೊಂಡು ಹೋಗಿ ಹೇಳಿದ:

“ನೂಲು ಹಿಡಿದು ಎಳೆದ ಹಾಗಿದೆ. ಇಷ್ಟು ವರ್ಷದಲ್ಲಿ ಈ ಕೈ ಇಂಥದ್ದು ಮುಟ್ಟಿಲ್ಲ.”

ಹೊಗಳುವ ಮನುಷ್ಯನೇ ಅಲ್ಲ ಅವನು. ಮಗಳು ಗಬಕ್ಕನೆ ಮುಖವಾಡ ಕೆಳಗೆ ಎಳೆದುಕೊಂಡಳು, ಒಳಗೆ ಅತ್ತಳೆಂದು ಎಲ್ಲರಿಗೂ ಗೊತ್ತಾಯಿತು. ಮನೆಗೆ ಹೋಗಿ ತಾಯಿಗೆ ಮೂರು ಸಲ ಹೇಳಿದಳು. ಮುಖವಾಡದ ಒಳಗೆ, ಹಣೆ ತಾಗುವ ಕಡೆ, ಆ ದಿನದ ತಾರೀಖನ್ನು ಮಾರ್ಕರಿನಲ್ಲಿ ಬರೆದಿಟ್ಟುಕೊಂಡಳು. ಅಂದಿನಿಂದ ಕೆಲಸಕ್ಕೆ ಕೂತಾಗಲೆಲ್ಲ ಆ ತಾರೀಖು ಅವಳ ಹಣೆಯ ಮೇಲಿರುತ್ತಿತ್ತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ಆ ಬಲಗೈ ಸತ್ತಿತ್ತು. ಮೂವತ್ತನಾಲ್ಕು ವರ್ಷ ಗ್ರೈಂಡರ್ ಹಿಡಿದು, ಸುತ್ತಿಗೆ ಹಿಡಿದು, ನಡುಗಿ ನಡುಗಿ, ಮೊದಲು ಬೆರಳ ತುದಿ ಬಿಳಿಚಿತು. ಆಮೇಲೆ ಜುಮ್ಮೆನ್ನತೊಡಗಿತು. ಆಮೇಲೆ ಏನೂ ಇಲ್ಲ. ಒಂದು ದಿನ ಮನೆಯಲ್ಲಿ ಅಂಗಿ ಕಳಚುವಾಗ ಅಂಗೈಯಲ್ಲಿ ಉಕ್ಕಿನ ಸಿಬಿರು ಉದ್ದಕ್ಕೆ ನೆಟ್ಟಿತ್ತು. ರಕ್ತ ಒಣಗಿತ್ತು. ಯಾವಾಗ ಚುಚ್ಚಿತೋ ಅವನಿಗೆ ಗೊತ್ತಿರಲಿಲ್ಲ. ಗುರುತಿನವರು ಯಾರೂ ಇಲ್ಲದ ದೂರದ ಆಸ್ಪತ್ರೆಗೆ ಹೋದ. ಡಾಕ್ಟರು ಸೂಜಿಯಿಂದ ಚುಚ್ಚಿ ನೋಡಿ, ಇದು ವಾಪಸು ಬರುವುದಿಲ್ಲ, ಕೆಲಸ ಬದಲಾಯಿಸಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಬಸ್ಸಿನಲ್ಲೇ ಹರಿದು ಹಾಕಿದ. ಕೈ ಯಾವತ್ತು ಹೋಯಿತೆಂದು ಕೇಳುವವರಿರಲಿಲ್ಲ, ಹೇಳುವ ಮನಸ್ಸು ಅವನಿಗೂ ಇರಲಿಲ್ಲ.

ಹಾಗಾದರೆ ಕೆಲಸ ಹೇಗೆ ನಡೆಸಿದ? ಕಣ್ಣಿಂದ, ಕಿವಿಯಿಂದ. ಕೈ ಸವರುವ ನೆವದಲ್ಲಿ ಕೆನ್ನೆಯನ್ನು ಪ್ಲೇಟಿಗೆ ಒತ್ತಿ ಓರೆಯಾಗಿ ನೋಡುತ್ತಿದ್ದ. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಎಲ್ಲಿ ತಗ್ಗು ಬೀಳುತ್ತದೆಂದು ಬಾಯಿಪಾಠವಾಗಿತ್ತು. ಯಂತ್ರದವರು ಅಳತೆ ಬರೆದಿಟ್ಟ ಹಾಳೆಯನ್ನು ಕದ್ದು ನೋಡುತ್ತಿದ್ದ. ಒಂದು ಮಾತು ಹೇಳಿದ್ದರೆ ಕೂತು ಮಾಡುವ ಕೆಲಸ ಕೊಡುತ್ತಿದ್ದರು, ಮರ್ಯಾದೆಯಿಂದಲೇ ಕೊಡುತ್ತಿದ್ದರು. ಆದರೆ ಅಂಗೈ ಎನಿಸಿಕೊಂಡವನು ನನ್ನ ಅಂಗೈ ಹೋಯಿತು ಎಂದು ಯಾವ ಬಾಯಿಂದ ಹೇಳಬೇಕು? ಹಾಳು ಹೆಮ್ಮೆ. ಬರೆಯುವಾಗ ನನಗೇ ಸಿಟ್ಟು ಬರುತ್ತದೆ.

ಹೀಗೆ ನಡೆಯುತ್ತಿರುವಾಗ ಬಲಬದಿಯ ಹದಿನೇಳನೇ ಚೌಕ ಬಂತು. ನಾವಿಕರು ಮಲಗುವ ಕೋಣೆಯ ಹೊರಗೋಡೆ ಅದು. ಅದರ ಅಂಚಿನಲ್ಲಿ ನಲವತ್ತೇಳರ ಬೆಸುಗೆ ಇತ್ತು, ಅಂದರೆ ಮಗಳದ್ದೇ. ಬೆಸುಗೆಯ ಪಕ್ಕದ ಒಂದು ಚುಕ್ಕೆಗೆ ಅಂಗೈ ಆಗಲೇ ಎರಡು ಸಲ ಬೆಂಕಿ ಹಾಕಿ ಎರಡು ಗೆರೆ ಎಳೆದಿದ್ದ. ಲೇಸರ್ ಯಂತ್ರ ಅವತ್ತು ಹಡಗಿನ ಮೂತಿಯ ಕಡೆಗೆ ಹೋಗಿತ್ತು. ಕೆಳಗೆ ಅಟ್ಟಣಿಗೆಯ ಬುಡದಲ್ಲಿ ನಿಂತು ಮೇಸ್ತ್ರಿ, ನೀನು ಸೊನ್ನೆ ಹಾಕು ಅಂಗೈ, ಯಂತ್ರ ನಾಳೆ ನೋಡಿಕೊಳ್ಳುತ್ತದೆ ಎಂದ. ಮೋಡ ಕವಿದು ಬೆಳಕು ಸತ್ತಿತ್ತು. ಅವನು ಕೈ ಸವರಿದ, ಏನೂ ತಿಳಿಯಲಿಲ್ಲ. ತಟ್ಟಿದ, ಪಕ್ಕದಲ್ಲಿ ಯಾರೋ ಗ್ರೈಂಡರ್ ಹಿಡಿದಿದ್ದರಿಂದ ಸದ್ದು ಕೇಳಿಸಲಿಲ್ಲ. ಕೆನ್ನೆ ಒತ್ತಿ ನೋಡಿದ, ತೆಳ್ಳಗೆ ಒಂದು ನೆರಳು ಕಂಡಂತಾಯಿತು. ತಗ್ಗೋ, ಬರೀ ನೆರಳೋ?

ಗೊತ್ತಾಗುತ್ತಿಲ್ಲ, ಯಂತ್ರ ಬರಲಿ ಎನ್ನಬಹುದಿತ್ತು. ಎನ್ನಲಿಲ್ಲ. ನೀರಿನ ಪೈಪು ಹಿಡಿಯುವವನನ್ನು ಟೀ ಕುಡಿದು ಬಾ ಎಂದು ಕಳಿಸಿದ. ಜ್ವಾಲೆ ಹಚ್ಚಿದ. ಇಂತಿಷ್ಟು ಶಾಖಕ್ಕೆ ಕರಗುವ ಬಣ್ಣದ ಕಡ್ಡಿಯೊಂದಿದೆ, ಅದರಲ್ಲಿ ಮೊದಲೇ ಗೀಚಿಟ್ಟರೆ ಹದ ಮೀರಿದ್ದು ತಿಳಿಯುತ್ತದೆ. ಗುರುತು ಉಳಿಯುತ್ತದೆಂದು ಅದನ್ನೂ ಗೀಚಲಿಲ್ಲ. ಹಿಂದೆಲ್ಲ ಪಕ್ಕದಲ್ಲಿ ಒತ್ತಿಕೊಂಡ ಕೈ ಬಿಸಿಯ ಲೆಕ್ಕ ಹೇಳುತ್ತಿತ್ತು, ಈಗ ಅದು ಮೂಕ. ಚುಕ್ಕೆ ಕೆಂಪಗೆ ಹೊಳೆದ ಮೇಲೆ ಬೆಚ್ಚಿ ನೀರು ಬಿಟ್ಟ. ಮೂರನೇ ಗೆರೆ ಎಳೆಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಮಸಿ ಒರೆಸಿ, ನೀಲಿ ಸೊನ್ನೆ ಬರೆದು, ನಡುವೆ ಚುಕ್ಕಿ ಇಟ್ಟು ಕೆಳಗಿಳಿದ.

ಮರುದಿನ ಯಂತ್ರ ಬಂದು ಹದಿನೇಳನೇ ಚೌಕ ಚಪ್ಪಟೆ ಎಂದಿತು. ಮೇಸ್ತ್ರಿ ಅವನ ಬೆನ್ನು ತಟ್ಟಿದ. ಮೂರನೇ ಬಿಸಿಗೆ ಮುಂಚೆಯೇ ಅದು ಚಪ್ಪಟೆಯಾಗಿತ್ತೋ ಏನೋ, ಆ ದೇವರಿಗೇ ಗೊತ್ತು.

ಮೂರು ವಾರ ಕಳೆದ ಮೇಲೆ, ಬಣ್ಣಕ್ಕೆ ಮುಂಚಿನ ಕೊನೆಯ ತಪಾಸಣೆ. ಬೆಸುಗೆಯ ಮೇಲೆ ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಎಲ್ಲಾದರೂ ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಮೂಡುತ್ತದೆ. ಹದಿನೇಳನೇ ಚೌಕದಲ್ಲಿ ಬೆಸುಗೆಯ ಅಂಚಿಗೆ ಅಂಟಿಕೊಂಡು ಗೇಣುದ್ದದ ಕೆಂಪು ಗೆರೆ ಎದ್ದಿತು. ತಪಾಸಣೆಯ ಇಂಜಿನಿಯರ್ ಬಗ್ಗಿ ಪಕ್ಕದ ಅಚ್ಚು ಓದಿದರು. ನಲವತ್ತೇಳು.

ತಡವಾಗಿ ಬರುವ ಬಿರುಕು ಎಂದರೆ ಇಂಜಿನಿಯರುಗಳಿಗೆ ಮೊದಲು ನೆನಪಾಗುವುದು ಒದ್ದೆ ಕಡ್ಡಿ. ವೆಲ್ಡಿಂಗ್ ಕಡ್ಡಿಗಳನ್ನು ಬಿಸಿ ಪೆಟ್ಟಿಗೆಯಲ್ಲಿ ಮುಚ್ಚಳ ಹಾಕಿ ಇಟ್ಟುಕೊಳ್ಳಬೇಕು. ಗಾಳಿಯ ತೇವ ಹೀರಿದ ಕಡ್ಡಿಯಿಂದ ಬೆಸೆದರೆ ಇವತ್ತು ಚೆನ್ನಾಗಿದ್ದದ್ದು ಹತ್ತು ದಿನಕ್ಕೆ ಬಿರಿಯುತ್ತದೆ. ಮುಚ್ಚಳ ತೆರೆದಿಟ್ಟಿದ್ದೆಯಾ ಎಂದು ಅವಳನ್ನು ಕೇಳಿದರು. ಇಲ್ಲ ಎಂದಳು. ಖಂಡಿತವಾಗಿ ಇಲ್ಲವಾ ಎಂದು ಇನ್ನೊಮ್ಮೆ ಕೇಳಿದರು. ಅವಳು ತಡವರಿಸಿದಳು. ಅಷ್ಟು ಸಾಕಾಯಿತು. ಅಚ್ಚನ್ನು ಬಳಸುವಂತಿಲ್ಲ, ಹತ್ತು ದಿನದೊಳಗೆ ಮತ್ತೆ ಪರೀಕ್ಷೆಗೆ ಕೂತು ಪಾಸಾಗಬೇಕು, ಇಲ್ಲದಿದ್ದರೆ ಅಚ್ಚು ವಾಪಸು ಎಂದು ಬರೆದುಕೊಟ್ಟರು.

ಅಂಗೈಗೆ ಸುದ್ದಿ ಮುಟ್ಟಿದ್ದು ಊಟದ ಕೋಣೆಯಲ್ಲಿ. ಬಿರುಕು ಎಲ್ಲಿಂದ ಬಂತೆಂದು ಆ ಇಡೀ ಅಂಗಳದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಎದ್ದು ನಿಂತ. ಹೇಳಿಬಿಡುತ್ತೇನೆ ಎಂದು ನಾಲ್ಕು ಹೆಜ್ಜೆ ಇಟ್ಟ. ಎದುರಿಗೆ ಬಂದ ಮೇಸ್ತ್ರಿ, ಚಿಂತೆ ಮಾಡಬೇಡ ಅಂಗೈ, ನಿನ್ನ ಮಗಳು ತಾನೇ, ಪರೀಕ್ಷೆ ಅವಳಿಗೆ ಎಡಗೈ ಕೆಲಸ ಎಂದು ಭುಜ ಒತ್ತಿದ. ಅದೂ ಸರಿಯೇ ಎನ್ನಿಸಿತು. ಅವಳು ಪಾಸಾಗುತ್ತಾಳೆ, ಬಿರುಕನ್ನು ಕೆರೆದು ಮತ್ತೆ ಬೆಸೆಯುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಮನುಷ್ಯ ಹೆದರಿದಾಗ ಇಂಥ ಲೆಕ್ಕ ಎಷ್ಟು ಬೇಗ ಕೂಡಿ ಬರುತ್ತದೆ ನೋಡಿ. ವಾಪಸು ಬಂದು ತಟ್ಟೆಯ ಮುಂದೆ ಕೂತ.

ಮನೆಯಲ್ಲಿ ಮಗಳು ಊಟ ಬಿಟ್ಟಳು. ಮೇಜಿನ ಮುಂದೆ ಕೂತು, ಎದುರಿಗೆ ಇಲ್ಲದ ಪೆಟ್ಟಿಗೆಯ ಮುಚ್ಚಳವನ್ನು ತೆರೆದಂತೆ ಮುಚ್ಚಿದಂತೆ ಕೈಯಾಡಿಸುತ್ತಿದ್ದಳು. ಮೊದಲ ದಿನ, ಮುಚ್ಚಿದ್ದೆ ಎಂದಳು. ಎರಡನೇ ದಿನ, ಕಡ್ಡಿ ಬದಲಾಯಿಸುವಾಗ ಯಾರೋ ಕರೆದರು, ಆಗ ಮುಚ್ಚಿದೆನೋ ಇಲ್ಲವೋ ಎಂದಳು. ನಾಲ್ಕನೇ ದಿನದ ಹೊತ್ತಿಗೆ ಅವಳಿಗೆ ಎಲ್ಲ ನೆನಪಾಗಿಬಿಟ್ಟಿತ್ತು: ಮುಚ್ಚಳ ತೆರೆದೇ ಇತ್ತು, ಪಕ್ಕದಲ್ಲಿ ನೀರಿನ ಪೈಪು ಸೋರುತ್ತಿತ್ತು, ತನಗೆ ಅದು ಕಂಡಿತ್ತು, ಆದರೂ ಎದ್ದು ಮುಚ್ಚಲಿಲ್ಲ. ಇದರಲ್ಲಿ ಒಂದೂ ನಡೆದದ್ದಲ್ಲ. ಇಲ್ಲದ ತಪ್ಪಿಗೆ ಅವಳು ಒಂದೊಂದೇ ಸಾಕ್ಷಿ ಹೊಂದಿಸುತ್ತಿದ್ದಳು. ತಂದೆ ಎದುರಿಗೆ ಕೂತು ಕೇಳುತ್ತಿದ್ದ.

ಹೆಂಡತಿ ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದಕ್ಕೆಳೆದಳು. “ರೀ, ನೀವು ಒಂದ್ಸಲ ಹೋಗಿ ಆ ಬಿರುಕಿನ ಮೇಲೆ ಕೈಯಿಟ್ಟು ನೋಡಿ. ತಪ್ಪು ಯಾರದ್ದು ಅಂತ ನಿಮ್ಮ ಕೈಗೆ ಗೊತ್ತಾಗುತ್ತೆ. ನೀವು ಹೇಳಿದ್ರೆ ಯಾರೂ ಎದುರಾಡಲ್ಲ.”

ನೋಡ್ತೀನಿ ಎಂದು ಹೇಳಿ ಹೊರಗೆ ಹೋದ. ಬೀದಿಯ ಕೊನೆವರೆಗೆ ನಡೆದು ವಾಪಸು ಬಂದ.

ಒಂಬತ್ತನೇ ದಿನ ಪರೀಕ್ಷೆ. ನಿಲ್ಲಿಸಿದ ಪ್ಲೇಟಿನ ಮೇಲೆ ಕೆಳಗಿನಿಂದ ಮೇಲಕ್ಕೆ ಬೆಸೆಯುತ್ತ ಹೋಗಬೇಕು. ಅವಳು ಕಣ್ಣು ಮುಚ್ಚಿ ಮಾಡಬಲ್ಲ ಕೆಲಸ. ಕಡ್ಡಿ ತೆಗೆದಳು, ಮುಚ್ಚಳ ಹಾಕಿದಳು, ಎರಡು ಹೆಜ್ಜೆ ಬಂದವಳು ವಾಪಸು ಹೋಗಿ ಮುಚ್ಚಳ ಮುಟ್ಟಿ ನೋಡಿದಳು. ಇದನ್ನು ನಾಲ್ಕು ಸಲ ಮಾಡಿದಳು. ಬೆಸುಗೆ ಶುರುವಾಗಿ ಗೇಣುದ್ದ ಏರುವಷ್ಟರಲ್ಲಿ ಕೈ ನಡುಗತೊಡಗಿತು. ಕರಗಿದ ಉಕ್ಕು ಜೋಲಿ ಬಿದ್ದು ಕೆಳಗಿಳಿಯಿತು. ನಡುವಿನಲ್ಲೇ ನಿಲ್ಲಿಸಿ, ಮುಖವಾಡ ಎತ್ತಿ, ಆಗಲ್ಲ ಸಾರ್ ಎಂದಳು. ಇಂಜಿನಿಯರ್ ಕೆಟ್ಟವರಲ್ಲ, ನೀರು ಕುಡಿದು ಮತ್ತೆ ಪ್ರಯತ್ನ ಮಾಡಮ್ಮ ಎಂದರು. ಅವಳು ಕೈ ಚಾಚಿ ತೋರಿಸಿದಳು. ಬೆರಳುಗಳು ಅವಳ ಮಾತು ಕೇಳುತ್ತಿರಲಿಲ್ಲ.

ಗಾಜಿನ ಕಿಟಕಿಯ ಆಚೆ ನಿಂತು ಅಂಗೈ ಇದನ್ನೆಲ್ಲ ನೋಡಿದ. ಅವನ ಲೆಕ್ಕ ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಆಫೀಸು ತೆರೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿದ್ದ. ಇಂಜಿನಿಯರ್ ಬಂದರು, ಹಿಂದೆಯೇ ಮೇಸ್ತ್ರಿ ಬಂದ. ಅಂಗೈ ನಿಂತುಕೊಂಡೇ ಎಲ್ಲ ಹೇಳಿದ: ಎರಡು ಗೆರೆ, ಮೂರನೇ ಬಿಸಿ, ಗೀಚದ ಬಣ್ಣದ ಕಡ್ಡಿ, ಕೈ ಸತ್ತದ್ದು. ಇಷ್ಟು ದಿನ ಹೊತ್ತದ್ದನ್ನು ಇಳಿಸುವ ಸಮಾಧಾನವೂ ಒಂದಿಷ್ಟು ಇತ್ತು.

ಇಂಜಿನಿಯರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕುರ್ಚಿ ತೋರಿಸಿದರು. “ನನಗೂ ಮಗಳಿದ್ದಾಳೆ,” ಎಂದರು. “ನಿಮ್ಮ ಜಾಗದಲ್ಲಿ ನಾನಿದ್ರೂ ಇದನ್ನೇ ಹೇಳ್ತಿದ್ದೆ.”

ನಂಬಲಿಲ್ಲ. ಇಬ್ಬರೂ ನಂಬಲಿಲ್ಲ. ಮೇಸ್ತ್ರಿಯಂತೂ ಸಿಟ್ಟಾದ. ಮೂರನೇ ಬಿಸಿ, ಅದೂ ನೀನು? ಮಗಳಿಗಾಗಿ ಏನು ಬೇಕಾದರೂ ಹೇಳು, ಆ ಕೈಗೆ ಮಾತ್ರ ಮಸಿ ಬಳಿಯಬೇಡ ಎಂದ. ಒಂದು ತುಂಡು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿ, ಅಲ್ಲೇ ಗೊತ್ತಾಗುತ್ತದೆ ಎಂದು ಅಂಗೈ ಗೋಗರೆದ. ನೌಕಾಪಡೆಯವರು ರಿಪೇರಿ ಸಾಕೆಂದು ಒಪ್ಪಿಕೊಂಡ ಗೋಡೆಗೆ ತೂತು ಹಾಕಲು ಒಬ್ಬ ತಂದೆಯ ಮಾತು ಸಾಲದು ಎಂದು ಇಂಜಿನಿಯರ್ ಸಮಾಧಾನವಾಗಿ ವಿವರಿಸಿದರು. ಬಿರುಕನ್ನು ಕೆರೆದು ಬೇರೆಯವರಿಂದ ಬೆಸೆಸುವುದೆಂದು ತೀರ್ಮಾನವಾಗಿತ್ತು. ಅಂದರೆ ಆ ಗಾಜಿನಂಥ ಉಕ್ಕು ಅಲ್ಲೇ ಉಳಿಯುತ್ತದೆ, ಮೇಲೆ ಬಣ್ಣ ಬೀಳುತ್ತದೆ.

“ಆ ಗೋಡೆ ಪಕ್ಕ ಹುಡುಗರು ಮಲಗ್ತಾರೆ ಸಾರ್,” ಎಂದ ಅಂಗೈ.

ಮೇಸ್ತ್ರಿ ಅವನ ಹೆಗಲ ಮೇಲೆ ಕೈ ಹಾಕಿ, ನಡಿ, ಮನೆಗೆ ಹೋಗಿ ಎರಡು ದಿನ ಮಲಗು ಎಂದು ಹೊರಗೆ ಕರೆದುಕೊಂಡು ಬಂದ. ಇಂಜಿನಿಯರೂ ಬಾಗಿಲವರೆಗೆ ಬಂದರು. ಆಫೀಸಿನ ಮೆಟ್ಟಿಲು ಇಳಿದರೆ ಕೆಲಸದ ಶೆಡ್ಡು. ಮಗಳು ಅಲ್ಲೇ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು, ಕೈಯಲ್ಲಿ ಉಕ್ಕಿನ ಅಚ್ಚು, ವಾಪಸು ಕೊಡಲು ಬಂದವಳು. ಹತ್ತು ಅಡಿ ಆಚೆ ಅಂಗೈಯ ಕೈಕೆಳಗೆ ಕಲಿತವನೊಬ್ಬ ಪ್ಲೇಟಿಗೆ ಬೆಂಕಿ ಹಿಡಿದು ಆಗತಾನೇ ಜ್ವಾಲೆ ಆಚೆ ತೆಗೆದಿದ್ದ. ನೀರು ಇನ್ನೂ ಬಿಟ್ಟಿರಲಿಲ್ಲ.

ಅಂಗೈ ಮೇಸ್ತ್ರಿಯ ತೋಳಿನಿಂದ ಕೊಸರಿಕೊಂಡು ಅಲ್ಲಿಗೆ ಹೋದ. ಬಲಗೈಯನ್ನು ಆ ಚುಕ್ಕೆಯ ಮೇಲೆ ಚಪ್ಪಟೆಯಾಗಿ ಇಟ್ಟ. ಇಟ್ಟವನು ತಿರುಗಿ, ಮೆಟ್ಟಿಲ ಮೇಲಿದ್ದ ಇಂಜಿನಿಯರರನ್ನು ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಸಾರ್, ಇದು ಬಿಸಿ ಇದೆಯಾ, ತಣ್ಣಗಿದೆಯಾ? ನೀವೇ ಹೇಳಿ. ನನಗೆ ಗೊತ್ತಾಗ್ತಿಲ್ಲ.”

ಮೊದಲು ವಾಸನೆ ಬಂತು. ಆಮೇಲೆ ಮೇಸ್ತ್ರಿ ಓಡಿ ಬಂದು ಅವನನ್ನು ಹಿಂದಕ್ಕೆ ಎಳೆದ. ಪ್ಲೇಟಿನ ಮೇಲೆ ಚರ್ಮ ಅಂಟಿಕೊಂಡು ಉಳಿಯಿತು. ಕಲಿತ ಆಳು ಗರಬಡಿದವನಂತೆ ಪೈಪು ಹಿಡಿದು ನಿಂತಿದ್ದ. ಮಗಳು ಅಚ್ಚನ್ನು ಕೆಳಗೆ ಬಿಟ್ಟು, ಅವನ ಕೈಯಿಂದ ಪೈಪು ಕಿತ್ತುಕೊಂಡು, ತಂದೆಯ ಅಂಗೈ ಮೇಲೆ ನೀರು ಬಿಟ್ಟಳು.

ಆ ಮಧ್ಯಾಹ್ನವೇ ಹದಿನೇಳನೇ ಚೌಕದಿಂದ ತುಂಡು ಕತ್ತರಿಸಿದರು. ಪ್ರಯೋಗಾಲಯದವರು ಅದನ್ನು ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆದರೆ ಬಾಗದೆ ಪಟ್ಟನೆ ಮುರಿಯಿತು. ಪ್ಲೇಟು ಬದಲಾಯಿತು. ಅಂಗೈಯ ನೀಲಿ ಸೊನ್ನೆ ಬಿದ್ದ ಗೋಡೆಗಳನ್ನೆಲ್ಲ ಎರಡು ತಿಂಗಳು ಕೂತು ಮತ್ತೆ ಪರೀಕ್ಷೆ ಮಾಡಿದರು. ಒಂದರಲ್ಲೂ ತಪ್ಪು ಸಿಗಲಿಲ್ಲ. ಕಣ್ಣು ಕಿವಿಯಿಂದ ಮಾಡಿದ್ದೆಲ್ಲ ಸರಿಯಾಗಿತ್ತು. ಕೈ ಇಲ್ಲದೆಯೂ ಅವನು ಆ ಕೆಲಸಕ್ಕೆ ಸಾಕಾಗಿದ್ದ, ಆ ಒಂದು ದಿನ ಗೊತ್ತಾಗುತ್ತಿಲ್ಲ ಎಂದಿದ್ದರೆ. ಈಗ ಹೇಳಿ ಏನು ಬಂತು. ಅವನನ್ನು ಕೆಲಸದಿಂದ ತೆಗೆದರು. ನಿಯಮ ಅದು, ಅವನೂ ವಾದ ಮಾಡಲಿಲ್ಲ.

ನಲವತ್ತೇಳರ ಮೇಲಿನ ದೂರನ್ನು ಹೊಡೆದು ಹಾಕಿದರು. ಆದರೆ ಪರೀಕ್ಷೆಯಲ್ಲಿ ಕೈ ಬಿಟ್ಟದ್ದು ಬಿಟ್ಟದ್ದೇ. ಆರು ತಿಂಗಳ ಮೇಲೆ ಮತ್ತೆ ಕೂರಬಹುದು ಎಂದರು. ಅವಳು ಬೇಡ ಎಂದಳು. ಮುಚ್ಚಳ ತೆರೆದೇ ಇರಲಿಲ್ಲ ಎಂದು ಈಗ ಎಲ್ಲರೂ ಹೇಳಿದರೂ, ಅದು ತೆರೆದಿದ್ದದ್ದು ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಒಳಕೋಣೆಗಳ ಗೋಡೆಗೆ ಸದ್ದು ತಡೆಯುವ ಹಾಸು ಅಂಟಿಸುವ ಕೆಲಸಕ್ಕೆ ಹೋದಳು. ಅಂಟು, ಕತ್ತರಿ, ಉರುಳೆ. ಬೆಂಕಿ ಇಲ್ಲ.

ಒಂದು ರಜಾದಿನ ಮಧ್ಯಾಹ್ನ, ಮಗಳು ವೆಲ್ಡಿಂಗ್ ಶೆಡ್ಡಿನ ತನ್ನ ಬೀರು ಖಾಲಿ ಮಾಡಿ ತಂದ ಸಾಮಾನು ಮೇಜಿನ ಮೇಲಿತ್ತು. ಚರ್ಮದ ಕೈಗವಸು, ತಂತಿ ಬ್ರಷ್ಷು, ಮುಖವಾಡ. ಅದನ್ನೆಲ್ಲ ಪಕ್ಕಕ್ಕೆ ಸರಿಸಿ ಅವಳು ತಂದೆಯ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಗಾಯ ತೊಳೆಯುತ್ತಿದ್ದಳು. ಎರಡು ದಿನಕ್ಕೊಮ್ಮೆ ಪಟ್ಟಿ ಬದಲಾಯಿಸಬೇಕು. ಎಷ್ಟು ಒತ್ತಿದರೂ ಅವನಿಗೆ ನೋವಾಗುತ್ತಿರಲಿಲ್ಲ, ಆದರೂ ಮೆಲ್ಲಗೆ ತೊಳೆಯುತ್ತಿದ್ದಳು. ಮುಖವಾಡ ಅಂಗಾತ ಬಿದ್ದಿತ್ತು. ಒಳಗೆ ಹಣೆಯ ಕಡೆ ಬರೆದ ತಾರೀಖು ಇಬ್ಬರಿಗೂ ಕಾಣುತ್ತಿತ್ತು.

“ಅಪ್ಪ, ಕೈ ಯಾವಾಗ ಹೋಯ್ತು?”

ಮನೆಯಲ್ಲಿ ಇದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ. ಅವಳು ಮುಖವಾಡದ ಕಡೆ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಒಂದು ಆರು ತಿಂಗಳು ಆಯಿತು ಎಂದರೆ ಸಾಕಿತ್ತು, ಮುಖವಾಡದ ತಾರೀಖು ಅದಕ್ಕೂ ಹಿಂದಿನದು. ಯಾರಿಗೂ ನಷ್ಟವಿಲ್ಲದ ಸುಳ್ಳು. ಹೇಳಲು ಬಾಯಿ ತೆರೆದ. ಮುಚ್ಚಳದ ಮೇಲೆ ಆಡುತ್ತಿದ್ದ ಅವಳ ಕೈ ನೆನಪಾಯಿತು, ಬಾಯಿಂದ ಆ ಸುಳ್ಳು ಹೊರಡಲಿಲ್ಲ.

“ಅದಕ್ಕಿಂತ ಮುಂಚೆ,” ಎಂದ.

“ಎಷ್ಟು ಮುಂಚೆ?”

“ಎಂಟು ತಿಂಗಳು.”

ಅವಳು ತಲೆಯಾಡಿಸಿದಳು. ಗಾಯ ಒರೆಸಲು ಸ್ಪಿರಿಟ್ ಹಾಕಿದ್ದ ಹತ್ತಿ ಬೆರಳಲ್ಲೇ ಇತ್ತು. ಅದರಿಂದ ಮುಖವಾಡದ ಒಳಗಿನ ತಾರೀಖನ್ನು ಒರೆಸಿದಳು. ಹಳೆಯ ಶಾಯಿ, ಸುಲಭವಾಗಿ ಹೋಗಲಿಲ್ಲ, ಉಜ್ಜಬೇಕಾಯಿತು. ನಿನ್ನ ಬೆಸುಗೆ ನಿಜಕ್ಕೂ ಚೆನ್ನಾಗಿತ್ತು ಮಗಳೇ, ಕಣ್ಣು ಮುಚ್ಚುವ ಮುಂಚೆಯೇ ನೋಡಿದ್ದೆ ಎಂದು ಅವನು ಹೇಳಿದ. ಅದು ನಿಜವೂ ಆಗಿತ್ತು. ಅವಳು ಹ್ಞೂಂ ಎಂದಳು, ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿ, ಹೊಸ ಪಟ್ಟಿ ಬಿಡಿಸಿ ಅವನ ಕೈಗೆ ಸುತ್ತತೊಡಗಿದಳು.

ಗಂಟು ಹಾಕಿ, ಬಿಗಿ ಆಯ್ತಾ ಎಂದು ಕೇಳಹೋದವಳು ಅರ್ಧಕ್ಕೆ ನಿಲ್ಲಿಸಿದಳು. ಅವನ ಬೆರಳ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿದಳು. ನೀಲಿಗಟ್ಟಿದ್ದವು. ತಾನೇ ಗಂಟು ಬಿಚ್ಚಿ, ಸ್ವಲ್ಪ ಸಡಿಲ ಮಾಡಿ ಮತ್ತೆ ಕಟ್ಟಿದಳು.